ಬೆರಳ ತುದಿಯ ಬಜಾರು ಮತ್ತು ನಮ್ಮ ಗಲ್ಲಿ

ಮಾರುವವರೂ ಕೊಳ್ಳುವವರೂ ಒಬ್ಬರ ಮುಖ ಒಬ್ಬರು ನೋಡದೆ ವ್ಯಾಪಾರ ನಡೆಯುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಮ್ಮ ಅಜ್ಜ ನಕ್ಕುಬಿಡುತ್ತಿದ್ದರು. ಅವರ ಪಾಲಿಗೆ ವ್ಯಾಪಾರವೆಂದರೆ ಸಲಾಮು, ಕುಶಲ ವಿಚಾರಣೆ, ಒಂದು ಕಪ್ ಚಹಾ, ಆಮೇಲೆ ಚೌಕಾಸಿ, ಕೊನೆಗೆ 'ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ' ಎಂಬ ನಡುದಾರಿ. ಬೆಳಗಿನ ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದರೆ ದಿನ ಚೆನ್ನಾಗಿ ಶುರುವಾಯಿತೆಂದು ಅರ್ಥ. ಈಗ ಬೋಣಿ ರಾತ್ರಿ ಎರಡು ಗಂಟೆಗೂ ಆಗುತ್ತದೆ. ಮನೆಯವರೆಲ್ಲ ಮಲಗಿರುವಾಗ ತಲೆದಿಂಬಿನ ಪಕ್ಕದ ಮೊಬೈಲ್ 'ಟಿಂಗ್' ಎನ್ನುತ್ತದೆ. ಎಲ್ಲೋ ಬೆಂಗಳೂರಿನಲ್ಲೋ ಪುಣೆಯಲ್ಲೋ ನಿದ್ದೆ ಬಾರದ ಒಬ್ಬರು ನಮ್ಮ ಗಲ್ಲಿಯ ಒಂದು ಹೂದಾನಿಯನ್ನು ಕೊಂಡಿರುತ್ತಾರೆ.

ನಮ್ಮ ಊರು ಬೀದರ್. ಈ ಊರಿನ ಹೆಸರನ್ನೇ ಹೊತ್ತ ಬಿದರಿ ಕಲೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದವರೆಗೂ ಹೋಗಿ ಕುಳಿತಿದೆ. ಆದರೆ ಅದನ್ನು ಮಾಡುವ ಕೈಗಳು ಮಾತ್ರ ಇಂದಿಗೂ ಇಲ್ಲಿನ ಹಳೆ ಊರಿನ ಇಕ್ಕಟ್ಟಾದ ಕೋಣೆಗಳಲ್ಲೇ ಇವೆ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಬೇರೂರಿದ ಕಲೆ ಇದು. ಅರಮನೆಗಳ ಸುರಾಹಿ, ಪಾನ್‌ದಾನ್, ಹುಕ್ಕಾಗಳಿಂದ ಹೊರಟು ಇಂದು ಕೀಚೈನು, ಕಿವಿಯೋಲೆಗಳವರೆಗೆ ಬಂದು ನಿಂತಿದೆ. ಅರಸರು ಹೋದರು, ನವಾಬರು ಹೋದರು. ಹುಕ್ಕಾ ಸೇದುವವರೂ ಹೋದರು. ಇನ್ನು ಉಳಿದಿರುವ ಅರಸ ಗಿರಾಕಿಯೊಬ್ಬನೇ. ಅವನೀಗ ಮೊಬೈಲಿನೊಳಗೆ ಹೋಗಿ ಕುಳಿತಿದ್ದಾನೆ.

ಸಣ್ಣ ವ್ಯಾಪಾರಿಗಳಿಗೆ ಅಂತರ್ಜಾಲದಲ್ಲಿ ಅಪಾರ ಅವಕಾಶವಿದೆ ಎಂಬ ಮಾತನ್ನು ನಾವೆಲ್ಲ ಭಾಷಣಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಅದು ಸುಳ್ಳೇನಲ್ಲ. ಆದರೆ ಅವಕಾಶವೆಂಬುದು ಬಾಗಿಲಿದ್ದಂತೆ. ಬಾಗಿಲು ತೆರೆದಿದ್ದರಷ್ಟೇ ಸಾಲದು, ಒಳಗೆ ಹೋಗಲು ಎಷ್ಟು ಬಗ್ಗಬೇಕು ಎಂಬುದೂ ಮುಖ್ಯ. ನಮ್ಮ ಗಲ್ಲಿಯ ಒಂದು ಮನೆಯನ್ನು ಹಲವು ವರ್ಷಗಳಿಂದ ಹತ್ತಿರದಿಂದ ನೋಡುತ್ತಿರುವ ನಮಗೆ ಈ ಬಾಗಿಲಿನ ಎತ್ತರ ಅಗಲಗಳ ಬಗ್ಗೆ ಓದುಗರೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ.

ಆ ಮನೆಯ ಹಿರಿಯರನ್ನು ಇಡೀ ಮೊಹಲ್ಲಾ ಉಸ್ತಾದರೆಂದೇ ಕರೆಯುತ್ತದೆ. ನಲವತ್ತು ವರ್ಷಗಳಿಂದ ಉಳಿ ಹಿಡಿದ ಕೈ. ಹಿರಿಯ ಮಗ ಅಪ್ಪನ ಬಳಿ ಎರಡು ವರ್ಷ ಕುಳಿತು, ಆಮೇಲೆ ಎದ್ದು ಹೈದರಾಬಾದಿಗೆ ಹೋದ. ಅಲ್ಲಿ ಬೈಕಿನ ಮೇಲೆ ಆನ್‌ಲೈನ್ ಪಾರ್ಸೆಲ್‌ಗಳನ್ನು ಮನೆ ಮನೆಗೆ ಹಂಚುತ್ತಾನೆ. ಉಳಿದವಳು ಮಗಳು. ಬಿ.ಕಾಂ. ಮುಗಿಸಿದ್ದಾಳೆ. ಬಾಲ್ಯದಿಂದಲೂ ಅಪ್ಪನ ಪಕ್ಕ ಕುಳಿತು ಬೆಳ್ಳಿ ತಂತಿ ಕೂರಿಸಿದವಳು. 2020ರಲ್ಲಿ ಕೊರೊನಾ ಬಂದು ಪ್ರವಾಸಿಗರು ನಿಂತರು. ದಿಲ್ಲಿ ಹಾಟ್, ಸೂರಜ್‌ಕುಂಡ್ ಎಂದು ಊರೂರು ಸುತ್ತುತ್ತಿದ್ದ ಕುಶಲಕರ್ಮಿಗಳಿಗೆ ಮೇಳಗಳೂ ಇಲ್ಲವಾದವು. ಕಪಾಟಿನ ತುಂಬ ಮಾಲು, ಕೈಯಲ್ಲಿ ಕಾಸಿಲ್ಲ. ಆಗ ಅವಳು ನಮ್ಮ ಬಾಗಿಲಿಗೆ ಬಂದು ಕೇಳಿದಳು: 'ಖಾಲಾ, ನೀವು ಕತೆ ಬರೆಯುತ್ತೀರಲ್ಲ, ಈ ಹೂದಾನಿಯ ಬಗ್ಗೆ ನಾಲ್ಕು ಸಾಲು ಬರೆದು ಕೊಡಿ. ಫೋಟೋದ ಕೆಳಗೆ ಹಾಕಬೇಕು.'

ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಕನ್ನಡ ಶಾಲೆಯಲ್ಲಿ ಒತ್ತಕ್ಷರ ತಿದ್ದಿದವರು ನಾವು. ಎರಡು ಭಾಷೆಗಳಲ್ಲಿ ಕತೆ ಹೇಳಬಲ್ಲೆವೆಂಬ ಸಣ್ಣ ಜಂಬವೂ ನಮಗಿದೆ. ಆದರೆ ಒಂದು ಹೂದಾನಿಯ ಕತೆಯನ್ನು ನಾಲ್ಕು ಸಾಲಿನಲ್ಲಿ ಹೇಳುವುದು ಸುಲಭವಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯಬೇಕು. ಅರದಿಂದ ಉಜ್ಜಿ ನಯ ಮಾಡಬೇಕು. ಗೀರಿದ ಗೆರೆ ಕಣ್ಣಿಗೆ ಕಾಣಲೆಂದು ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಬೇಕು. ಆಮೇಲೆ ಬರಿಗೈಯಲ್ಲಿ ಬಳ್ಳಿ, ಹೂವು ಬಿಡಿಸಿ, ಉಳಿಯಿಂದ ಕೆತ್ತಿ, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಬೇಕು. ಎಲ್ಲ ಮುಗಿದ ಮೇಲೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ನೋಡನೋಡುತ್ತಿದ್ದಂತೆ ಪಾತ್ರೆಯ ಮೈಯೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಉಸ್ತಾದರು ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡಿ ಇದು ಆಗುತ್ತದೆ, ಇದು ಆಗುವುದಿಲ್ಲ ಎನ್ನುತ್ತಾರೆ.

ಇದನ್ನೆಲ್ಲ ಬರೆದು ಕೊಟ್ಟೆವು. ಹುಡುಗಿ ಓದಿ, 'ಚೆನ್ನಾಗಿದೆ ಖಾಲಾ, ಆದರೆ ಹುಡುಕುವವರು ಈ ಮಾತುಗಳನ್ನು ಹುಡುಕುವುದಿಲ್ಲ' ಎಂದಳು. ಅವಳ ಮಾತು ನಿಜ. ಗಿರಾಕಿ 'ಅಶರಫಿ ಬೂಟಿ' ಎಂದು ಟೈಪು ಮಾಡುವುದಿಲ್ಲ, 'ತಾರ್‌ಕಶಿ' ಎಂದೂ ಮಾಡುವುದಿಲ್ಲ. ಅವನು ಹುಡುಕುವುದು 'ಗೃಹಪ್ರವೇಶಕ್ಕೆ ಉಡುಗೊರೆ', 'ಕಪ್ಪು ಬೆಳ್ಳಿ ಹೂದಾನಿ', 'ಆಫೀಸಿನಲ್ಲಿ ಕೊಡಲು ಸ್ಮರಣಿಕೆ' ಎಂದು, ಅದೂ ಬಹುಪಾಲು ಇಂಗ್ಲಿಷಿನಲ್ಲಿ. ಅಂಗಡಿಯ ಬೋರ್ಡನ್ನು ದಾರಿಹೋಕರು ಓದಬಲ್ಲ ಅಕ್ಷರದಲ್ಲಿ ಬರೆಸುವುದು ಹಳೆಯ ಕಾಲದ ವ್ಯಾಪಾರಿಗೂ ಗೊತ್ತಿದ್ದ ವಿದ್ಯೆಯೇ. ಹಾಗಾಗಿ ಶೀರ್ಷಿಕೆ ಗಿರಾಕಿಯ ಭಾಷೆಯಲ್ಲಿ, ಒಳಗಿನ ವಿವರ ಉಸ್ತಾದರ ಭಾಷೆಯಲ್ಲಿ ಎಂಬ ಒಪ್ಪಂದಕ್ಕೆ ನಾವಿಬ್ಬರೂ ಬಂದೆವು. ಗಾತ್ರ ಎಷ್ಟು ಅಂಗುಲ, ತೂಕ ಎಷ್ಟು ಗ್ರಾಂ, ನೀರು ಹಾಕಬಹುದೇ, ಹುಣಸೆಹಣ್ಣಿನಲ್ಲಿ ತಿಕ್ಕಬಹುದೇ? ಈ ನಾಲ್ಕಕ್ಕೆ ಉತ್ತರ ಬರೆದ ಮೇಲೆ 'ಫೋಟೋದಲ್ಲಿ ದೊಡ್ಡದಾಗಿ ಕಂಡಿತ್ತು' ಎಂದು ವಾಪಸು ಬರುವ ಮಾಲು ಕಡಿಮೆಯಾಯಿತು. ಸುಂದರವಾದ ಮಾತಿಗಿಂತ ಸ್ಪಷ್ಟವಾದ ಅಳತೆಗೆ ಇಲ್ಲಿ ಬೆಲೆ ಹೆಚ್ಚು.

ಈ ಬಜಾರಿನಲ್ಲಿ ಬಂಡವಾಳವಿಲ್ಲದೆ ಸಿಗುವ ಕೆಲವು ಅನುಕೂಲಗಳನ್ನು ಮೊದಲು ಹೇಳಿಬಿಡೋಣ. ಭಾರತದಲ್ಲಿ 2018ರ ಜನವರಿಯಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಮಾಲಿನ ಚಿತ್ರ, ಬೆಲೆಗಳನ್ನು ಕ್ಯಾಟಲಾಗಿನಂತೆ ಜೋಡಿಸಿಡಬಹುದು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ಜಾಗ, ಸಮಯ ಸೇರಿಸಲು ಕಾಸು ಕೊಡಬೇಕಿಲ್ಲ. ಕೋಟೆ ನೋಡಲು, ಮಹಮೂದ್ ಗವಾನರ ಮದರಸಾ ನೋಡಲು ಬಂದವರು ಚೌಬಾರದ ಬಳಿ ನಿಂತು ಮೊಬೈಲ್ ತೆಗೆದರೆ ಉಸ್ತಾದರ ಕೋಣೆಗೆ ದಾರಿ ಕಾಣುತ್ತದೆ. 2016ರಲ್ಲಿ ಶುರುವಾದ ಯುಪಿಐಯಿಂದಾಗಿ ದೂರದ ಊರಿನವರ ದುಡ್ಡು ಕ್ಷಣದಲ್ಲಿ ಖಾತೆಗೆ ಬೀಳುತ್ತದೆ. ಮನಿ ಆರ್ಡರಿಗೆ ಕಾಯ್ದ ಕಾಲವನ್ನು ಕಂಡ ನಮಗೆ ಇದು ಸಣ್ಣ ಸಂಗತಿಯಲ್ಲ.

ಜಾಹೀರಾತಿನ ವಿಷಯಕ್ಕೆ ಬಂದರೆ, ಹುಡುಗಿ ಕಂಡುಕೊಂಡ ಒಂದು ಗುಟ್ಟಿದೆ. ಬಣ್ಣ ಬಣ್ಣದ ಪೋಸ್ಟರು ಮಾಡಿಸಿದಾಗ ಯಾರೂ ತಿರುಗಿ ನೋಡಲಿಲ್ಲ. ಒಂದು ದಿನ ಅಪ್ಪ ಪಾತ್ರೆಗೆ ಮಣ್ಣು ತಿಕ್ಕುವುದನ್ನು ಅರ್ಧ ನಿಮಿಷ ಮೊಬೈಲಿನಲ್ಲಿ ಹಿಡಿದು ಇನ್‌ಸ್ಟಾಗ್ರಾಮಿಗೆ ಹಾಕಿದಳು. ಹಿನ್ನೆಲೆ ಸಂಗೀತವಿಲ್ಲ, ನೀರಿನ ಸದ್ದು ಮತ್ತು ಉಸ್ತಾದರ ಕೆಮ್ಮು ಮಾತ್ರ. ಬೂದು ಬಣ್ಣದ ಲೋಹ ಕಣ್ಣೆದುರೇ ಕಪ್ಪಾಗಿ ಬೆಳ್ಳಿಯ ಹೂವು ಎದ್ದು ಬಂದುದನ್ನು ಕಂಡು ಜನ ವಿಚಾರಿಸತೊಡಗಿದರು. ಕೈಯಲ್ಲಿ ಕಸುಬಿರುವವರ ದೊಡ್ಡ ಆಸ್ತಿ ಇದೇ ಎಂದು ನಮಗನಿಸುತ್ತದೆ. ಕಾರ್ಖಾನೆಯವನು ತಯಾರಾದ ಮಾಲನ್ನು ತೋರಿಸಬಲ್ಲ, ಮಾಡುವುದನ್ನು ಹೀಗೆ ತೋರಿಸಲಾರ. ಬಿದರಿಗಿರಲಿ, ಚನ್ನಪಟ್ಟಣದ ಗೊಂಬೆಗಿರಲಿ, ಇಳಕಲ್ಲಿನ ಸೀರೆಗಿರಲಿ, ಮಾಡುವ ಬಗೆಯೇ ಜಾಹೀರಾತು.

ಇನ್ನು ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮಾತು. ಅಮೆಜಾನ್ 2013ರಲ್ಲಿ ಭಾರತಕ್ಕೆ ಬಂತು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್ ಅದಕ್ಕೂ ಮೊದಲು, 2007ರಲ್ಲಿ ಶುರುವಾಗಿತ್ತು. ಕುಶಲಕರ್ಮಿಗಳಿಗಾಗಿ ಮೊದಲನೆಯದು 'ಕಾರಿಗರ್', ಎರಡನೆಯದು 'ಸಮರ್ಥ್' ಎಂಬ ಪ್ರತ್ಯೇಕ ವಿಭಾಗಗಳನ್ನೂ ತೆರೆದಿವೆ. ಇವುಗಳ ಬಲ ದೊಡ್ಡದು. ನಮ್ಮ ಗಲ್ಲಿಯ ಹೆಸರೇ ಕೇಳಿರದವರ ಕಣ್ಣಿಗೆ ನಮ್ಮ ಮಾಲನ್ನು ಬೀಳಿಸುತ್ತವೆ. ಆದರೆ ಲೆಕ್ಕ ಹಾಕದೆ ಅಲ್ಲಿಗೆ ಹೋಗಬಾರದು. ಬಿ.ಕಾಂ. ಓದಿದ ನಮ್ಮ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ ಮಾದರಿ ಲೆಕ್ಕ ಹೀಗಿದೆ.

ಒಂದು ಹೂದಾನಿಯ ಬೆಲೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಕಮಿಷನ್ ಮತ್ತಿತರ ಶುಲ್ಕ 300, ಸಾಗಾಟ 150, ಮಾಲು ಮೇಲಿನ ಸಾಲಿನಲ್ಲಿ ಕಾಣಲು ಜಾಹೀರಾತಿಗೆ 100. ಒಟ್ಟು 550. ಈ ಸೇವೆಗಳ ಮೇಲೆ ಶೇಕಡ 18 ಜಿಎಸ್‌ಟಿ ಎಂದು 99. ಡಬ್ಬಿ, ಗುಳ್ಳೆಯ ಪ್ಲಾಸ್ಟಿಕ್ಕು, ಅಂಟುಪಟ್ಟಿಗೆ 60. ಹೀಗೆ 709 ಹೋದರೆ ಉಳಿಯುವುದು 1,291. ಲೋಹ, ಬೆಳ್ಳಿ, ಇದ್ದಿಲಿಗೆ 700 ಕಳೆಯಿರಿ. ಕೈಗೆ 591. ಕೆಲಸ ನಾಲ್ಕು ದಿನದ್ದಾದರೆ ದಿನಕ್ಕೆ 150 ರೂಪಾಯಿಯೂ ಬೀಳುವುದಿಲ್ಲ. ಅದೇ ಹೂದಾನಿಯನ್ನು ಊರಿನ ದಲ್ಲಾಳಿಗೆ 1,100ಕ್ಕೆ ಕೊಟ್ಟರೆ ಕೈಗೆ ಬರುವುದು 400, ಆದರೆ ನಗದು. ವಾಟ್ಸಾಪಿನಲ್ಲಿ ಕೇಳಿದವರಿಗೆ ನೇರವಾಗಿ ಮಾರಿದರೆ ಸಾಗಾಟ, ಡಬ್ಬಿ, ಕಚ್ಚಾಮಾಲು ಕಳೆದು 1,090. ಅಂಕಿಗಳು ಮಾಲಿನಿಂದ ಮಾಲಿಗೆ ಬದಲಾಗುತ್ತವೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಈ ಲೆಕ್ಕ ನೋಡಿ ಉಸ್ತಾದರು ಒಂದೇ ಮಾತು ಹೇಳಿದರು: 'ಬೇಟಿ, ದಲ್ಲಾಳಿ ಹೋಗಲಿಲ್ಲ. ಕೋಟು ಹಾಕಿಕೊಂಡು ಬಂದಿದ್ದಾನೆ.'

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇನ್ನರ್ಧವನ್ನು ಮಗಳು ಹೇಳಿದಳು: 'ಅಬ್ಬಾ, ಹಳೇ ದಲ್ಲಾಳಿ ಗಿರಾಕಿಯನ್ನು ತೋರಿಸುತ್ತಲೇ ಇರಲಿಲ್ಲ. ಇಲ್ಲಿ ಕೊನೇಪಕ್ಷ ನಮ್ಮ ಮಾಲಿನ ಬಗ್ಗೆ ಅವರು ಏನೆಂದರು ಎಂದು ಓದಬಹುದು.' ಆದರೆ ಆ ಗಿರಾಕಿಯ ಫೋನ್ ನಂಬರು ಮಾರಿದವರ ಕೈಗೆ ಸಿಗದು. ಮುಂದಿನ ಸಲ ಅದೇ ಗಿರಾಕಿ ಬಂದಾಗ ಮಾರುಕಟ್ಟೆಯು ಅವನ ಮುಂದೆ ಇನ್ನೊಬ್ಬರ ಮಾಲನ್ನು ಇಡಬಹುದು. ಅಜ್ಜನ ಕಾಲದ ವ್ಯಾಪಾರಿಗೆ ಗಿರಾಕಿಯ ಮಗಳ ಮದುವೆ ಯಾವಾಗ ಎಂಬುದೂ ಗೊತ್ತಿರುತ್ತಿತ್ತು. ಅಂಗಡಿಯ ನಿಜವಾದ ಬಂಡವಾಳ ಆ ಪರಿಚಯವೇ ಆಗಿತ್ತು. ಅದಕ್ಕಾಗಿ ಹುಡುಗಿ ನೇರವಾಗಿ ಕೊಂಡವರ ಹೆಸರು, ಊರು, ಏನು ಕೊಂಡರು ಎಂಬುದನ್ನೆಲ್ಲ ಅವರ ಒಪ್ಪಿಗೆ ಪಡೆದು ಬರೆದಿಡುತ್ತಾಳೆ. ಹೊಸ ಮಾದರಿ ಬಂದಾಗ ಅವರಿಗೊಂದು ಚಿತ್ರ ಕಳಿಸುತ್ತಾಳೆ. ದೊಡ್ಡ ಮಾರುಕಟ್ಟೆಯಲ್ಲಿ ಸಣ್ಣ ಮಾಲನ್ನಷ್ಟೇ ಇಟ್ಟು, ದೊಡ್ಡ ಕೆಲಸವನ್ನು ಪರಿಚಯದವರಿಗೆ ಉಳಿಸಿಕೊಂಡಿದ್ದಾಳೆ. ಇದು ನಮಗೆ ಜಾಣತನದ ದಾರಿಯಾಗಿ ಕಂಡಿದೆ.

ಕಾನೂನಿನ ಕಡೆಗೂ ಸ್ವಲ್ಪ ನೋಡಬೇಕು. ಜಿಎಸ್‌ಟಿ 2017ರ ಜುಲೈಯಲ್ಲಿ ಬಂದಾಗ, ವ್ಯಾಪಾರ ಎಷ್ಟೇ ಸಣ್ಣದಿರಲಿ, ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾಲು ಮಾರುವವರು ನೋಂದಣಿ ಮಾಡಿಸಲೇಬೇಕೆಂಬ ನಿಯಮವಿತ್ತು. ಬೀದಿಯಂಗಡಿಗಿದ್ದ ವಿನಾಯಿತಿ ಮೊಬೈಲಿನ ಅಂಗಡಿಗಿರಲಿಲ್ಲ. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿದ್ದರೆ ನೋಂದಣಿಯಿಲ್ಲದೆಯೂ ಇಲ್ಲಿ ಮಾರಬಹುದು ಎಂದಾಯಿತು. ಆದರೆ ಸ್ವಂತ ರಾಜ್ಯದೊಳಗೆ ಮಾತ್ರ. ಇದರ ವಿಚಿತ್ರ ನೋಡಿ. ನಮ್ಮ ಬೀದರಿನಿಂದ ದೂರದ ಬೆಂಗಳೂರಿಗೆ, ಮಂಗಳೂರಿಗೆ ಮಾರಬಹುದು. ಪಕ್ಕದ ಜಹೀರಾಬಾದಿಗೆ, ಹೈದರಾಬಾದಿಗೆ ಮಾರಬೇಕಾದರೆ ನೋಂದಣಿ ಬೇಕು, ಏಕೆಂದರೆ ಅದು ತೆಲಂಗಾಣ. 1956ರವರೆಗೆ ಒಂದೇ ಸಂಸ್ಥಾನದ, ರಾಜ್ಯದ ಭಾಗವಾಗಿದ್ದ ಊರುಗಳಿವು. ಬಿದರಿಗೆ ಗಿರಾಕಿ ಹೆಚ್ಚಿರುವ ಊರೂ ಅದೇ. ಗಡಿಯ ಊರಿನವರ ಕಷ್ಟ ರಾಜಧಾನಿಯಲ್ಲಿ ಕುಳಿತವರಿಗೆ ಹೊಳೆಯುವುದು ತಡ. ಹುಡುಗಿ ಕೊನೆಗೆ ನೋಂದಣಿ ಮಾಡಿಸಿದಳು. ಮಾರಾಟವಿಲ್ಲದಿದ್ದರೂ ರಿಟರ್ನ್ ಸಲ್ಲಿಸುವ ಕೆಲಸ ಮಾತ್ರ ತಪ್ಪುವುದಿಲ್ಲ. ಅವಳಿಗೆ ಓದು ನೆರವಿಗೆ ಬಂತು. ಓದು ಬಾರದ ಕುಶಲಕರ್ಮಿ ಇದಕ್ಕೂ ಒಬ್ಬರ ಕೈ ಹಿಡಿಯಬೇಕು, ಅವರ ಶುಲ್ಕವನ್ನೂ ತೆರಬೇಕು.

ಇನ್ನೊಂದು ಪೆಟ್ಟು ಬೆಲೆಯದು. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿಯನ್ನು ದಾಟಿ ಎಲ್ಲೋ ಹೋಯಿತು. ಹಬ್ಬದ ಮಾರಾಟಕ್ಕೆಂದು ತಿಂಗಳ ಮೊದಲೇ ರಿಯಾಯಿತಿ ಬೆಲೆ ಒಪ್ಪಿಕೊಂಡವರು ಮಾಲು ಮಾರಿ ಮಾರಿ ನಷ್ಟ ಮಾಡಿಕೊಳ್ಳುವ ಕಾಲ. ಯಂತ್ರದಲ್ಲಿ ಅಚ್ಚೊತ್ತಿದ ಮಾಲಿಗೆ ರಿಯಾಯಿತಿ ಹೊಂದಬಹುದು, ಕೈಕೆಲಸಕ್ಕೆ ರಿಯಾಯಿತಿ ಎಂದರೆ ಕೂಲಿಯಲ್ಲೇ ಕಡಿತ.

ಮಾಲು ವಾಪಸು ಬರುವ ಕತೆಯೂ ಇದೆ. ಒಂದು ದೊಡ್ಡ ಮಾರುಕಟ್ಟೆಯ ಮೂಲಕ ಹೋಗಿದ್ದ ಬಿದರಿ ಡಬ್ಬಿಯೊಂದು ಹದಿನೈದು ದಿನದ ಮೇಲೆ ಮರಳಿತು. ತೆರೆದು ನೋಡಿದರೆ ಒಳಗಿದ್ದದ್ದು ಕಪ್ಪು ಬಣ್ಣ ಬಳಿದ ತಗಡಿನ ಡಬ್ಬಿ. ಬೆಳ್ಳಿಯಿರಬೇಕಾದಲ್ಲಿ ಬಿಳಿ ಬಣ್ಣ. ದೂರು ಕೊಟ್ಟಾಗ ಬಂದ ಉತ್ತರಗಳನ್ನು ಬರೆದದ್ದು ಮನುಷ್ಯರೋ ಯಂತ್ರವೋ ತಿಳಿಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಪ್ಯಾಕ್ ಮಾಡುವಾಗಲೂ, ವಾಪಸು ಬಂದದ್ದನ್ನು ತೆರೆಯುವಾಗಲೂ ವಿಡಿಯೋ ತೆಗೆಯುತ್ತಾರೆ. ತಾಯಿ ಮೊಬೈಲ್ ಹಿಡಿಯುತ್ತಾರೆ, ಮಗಳು ಕತ್ತರಿ ಹಿಡಿಯುತ್ತಾಳೆ. ಈ ಕೆಲಸಕ್ಕೆ, ರಾತ್ರಿ ಹನ್ನೊಂದಕ್ಕೆ ಬರುವ 'ಲಾಸ್ಟ್ ಪ್ರೈಸ್ ಎಷ್ಟು?' ಎಂಬ ಪ್ರಶ್ನೆಗೆ ಉತ್ತರಿಸುವುದಕ್ಕೆ, ಡಬ್ಬಿಗಳನ್ನು ಕೊರಿಯರ್ ಅಂಗಡಿಗೆ ಹೊತ್ತೊಯ್ಯುವುದಕ್ಕೆ ಲೆಕ್ಕದ ಪುಸ್ತಕದಲ್ಲಿ ಸಾಲೇ ಇರಲಿಲ್ಲ. ಮನೆಯ ಹೆಂಗಸರ ದುಡಿಮೆಗೆ ಎಂದಾದರೂ ಸಾಲಿತ್ತೇ? ಈಗ ಹುಡುಗಿ ಒಂದು ಸಾಲು ಗೀರಿದ್ದಾಳೆ: 'ಅಮ್ಮಿಯ ಕೂಲಿ.' ಉಸ್ತಾದರು ಮೊದಲು ಮುಖ ಗಂಟಿಕ್ಕಿದರು. ತಿಂಗಳ ಕೊನೆಗೆ ಅಮ್ಮಿಯ ಖಾತೆಗೆ ದುಡ್ಡು ಬಿದ್ದಾಗ ಸುಮ್ಮನಾದರು.

ನಕಲಿಯ ಮಾತನ್ನೂ ಆಡಲೇಬೇಕು. ಬಿದರಿಗೆ 2006ರಲ್ಲೇ ಭೌಗೋಳಿಕ ಸೂಚಿಯ ಮಾನ್ಯತೆ, ಅಂದರೆ ಜಿಐ ಸಿಕ್ಕಿದೆ. ಆದರೆ ಮಾನ್ಯತೆ ಕಲೆಗೆ ಸಿಕ್ಕರೆ ಸಾಲದು. ಕುಶಲಕರ್ಮಿ ತಾನೂ ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಳ್ಳಬೇಕು. ಆಗ ಆ ಗುರುತನ್ನು ತನ್ನ ಮಾಲಿನ ಮೇಲೆ ಹಾಕುವ ಹಕ್ಕು ಬರುತ್ತದೆ, ನಕಲಿಯ ವಿರುದ್ಧ ದನಿಯೆತ್ತಲೂ ಬಲ ಬರುತ್ತದೆ. ಕೆಲಸದ ಮನೆಗಳಲ್ಲಿ ಈ ವಿಷಯ ಗೊತ್ತಿಲ್ಲದವರು ಈಗಲೂ ಇದ್ದಾರೆ. 2020ರ ಇ-ಕಾಮರ್ಸ್ ನಿಯಮಗಳು ಮಾರುವವರ ಹೆಸರು, ವಿಳಾಸ, ಮಾಲು ಯಾವ ದೇಶದ್ದು ಎಂಬುದನ್ನು ಗಿರಾಕಿಗೆ ತಿಳಿಸಬೇಕೆನ್ನುತ್ತವೆ. ಆದರೆ ಕಲಾವಸ್ತುವನ್ನು ಮಾಡಿದವರ ಹೆಸರು? ಅದನ್ನು ಯಾವ ನಿಯಮವೂ ಕೇಳುವುದಿಲ್ಲ. ಇಲ್ಲಿ ಸಗಟಾಗಿ ಕೊಂಡು, ತಮ್ಮ ಬ್ರಾಂಡಿನ ಚೀಟಿ ಅಂಟಿಸಿ, ಮೂರು ಪಟ್ಟು ಬೆಲೆಗೆ ಮಾರುವವರಿದ್ದಾರೆ. ಅದು ಅಪರಾಧವಲ್ಲ, ವ್ಯಾಪಾರ. ಆದರೆ ಅಲ್ಲಿ ಉಸ್ತಾದರ ನಲವತ್ತು ವರ್ಷ ಅಳಿಸಿಹೋಗುತ್ತದೆ.

ಬಿದರಿ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಹಳೆ ಊರಿನ ಗಲ್ಲಿಗಳಲ್ಲಿ ಹಬ್ಬದ ಸಡಗರವಿತ್ತು. ಕಲೆಗೆ ಸಂದ ಗೌರವದ ಜೊತೆಗೆ ಅದು ಕಲಾವಿದನೊಬ್ಬನ ಹೆಸರಿಗೆ ಸಂದ ಗೌರವವೂ ಆಗಿತ್ತು ಎಂಬುದನ್ನು ನಾವು ಮರೆಯಬಾರದು. ನಮ್ಮ ಹುಡುಗಿ ಇದರಿಂದ ಪಾಠ ಕಲಿತಳು. ಈಗ ಪ್ರತಿ ಪಾತ್ರೆಯ ತಳದಲ್ಲಿ ಎರಡು ಅಕ್ಷರ ಕೆತ್ತುತ್ತಾಳೆ. ಒಂದು ಅಪ್ಪನ ಹೆಸರಿನದು, ಒಂದು ತನ್ನದು. ಡಬ್ಬಿಯೊಳಗೆ ಒಂದು ಚೀಟಿ ಇಡುತ್ತಾಳೆ. ಅದರಲ್ಲಿ ಮಾಡಿದವರ ಹೆಸರು, ಹಿಡಿದ ದಿನಗಳು, ಕಾಪಾಡಿಕೊಳ್ಳುವ ಬಗೆ ಇರುತ್ತದೆ. ಕನ್ನಡ, ಉರ್ದು, ಇಂಗ್ಲಿಷು ಮೂರರಲ್ಲೂ. ಮೊದಲೆರಡು ನಮ್ಮ ಕೈಬರಹದ ನಕಲು ಎಂಬುದು ನಮ್ಮ ಹೆಮ್ಮೆ. ಪತ್ರಿಕೆಗಳು ನಮ್ಮ ಕತೆಗೆ ಕೊಡುವ ಗೌರವಧನಕ್ಕಿಂತ ಈ ಚೀಟಿಯ ಓದುಗರು ಕಳಿಸುವ ಒಂದು ಸಾಲಿನ ಉತ್ತರ ಕೆಲವೊಮ್ಮೆ ಹೆಚ್ಚು ಖುಷಿ ಕೊಡುತ್ತದೆ.

ಹಾಗಾದರೆ ಈ ಹೊಸ ಬಜಾರಿನಿಂದ ಆ ಮನೆ ಶ್ರೀಮಂತವಾಯಿತೇ? ಇಲ್ಲ. ಹೈದರಾಬಾದಿನ ಮಗ ಇನ್ನೂ ಹಿಂದಿರುಗಿಲ್ಲ. ಪಾರ್ಸೆಲ್ ಹಂಚುವವನ ಸಂಪಾದನೆ ಪಾರ್ಸೆಲ್ ತಯಾರಿಸುವವರ ಸಂಪಾದನೆಗಿಂತ ಇಂದಿಗೂ ಸ್ವಲ್ಪ ಮೇಲೇ ಇದೆ. ಈ ಅಂತರ ಹೀಗೇ ಉಳಿದರೆ ಮಗಳ ಕೈಯಿಂದಲೂ ಉಳಿ ಜಾರುವ ದಿನ ದೂರವಿಲ್ಲ. ಉಳಿ ಜಾರಿದರೆ ಕೋಟೆಯ ಮಣ್ಣು ಅಲ್ಲೇ ಇರುತ್ತದೆ, ಅದನ್ನು ನಾಲಿಗೆಗಿಟ್ಟು ಗುರುತಿಸುವವರು ಇರುವುದಿಲ್ಲ. ಆದರೆ ಇಷ್ಟಂತೂ ಆಗಿದೆ: ದಲ್ಲಾಳಿ ಹೇಳಿದ ಬೆಲೆಗೆ 'ಇಲ್ಲ' ಎನ್ನುವ ಧೈರ್ಯ ಆ ಮನೆಗೆ ಬಂದಿದೆ. ಬೇರೆ ಗಿರಾಕಿ ಇದ್ದಾನೆಂದು ಗೊತ್ತಿರುವವರು ಮಾತ್ರ 'ಇಲ್ಲ' ಎನ್ನಬಲ್ಲರು. ಗಲ್ಲಿಯ ಇನ್ನೂ ಮೂರು ಮನೆಯ ಹೆಣ್ಣುಮಕ್ಕಳು ಅವಳ ಬಳಿ ಬಂದು ಫೋಟೋ ತೆಗೆಯುವುದನ್ನೂ ಲೆಕ್ಕ ಬರೆಯುವುದನ್ನೂ ಕಲಿಯುತ್ತಿದ್ದಾರೆ. ನಾಲ್ಕು ಮನೆಯವರು ಸೇರಿ ಡಬ್ಬಿಗಳನ್ನು ಸಗಟಾಗಿ ತರಿಸುತ್ತಾರೆ. ಕೊರಿಯರಿನವನೂ ಈಗ ಗಲ್ಲಿಯ ಬಾಯಿಗೇ ಬರುತ್ತಾನೆ. ಒಬ್ಬೊಬ್ಬರೇ ಹೋದಾಗ ಸಿಗದ ದರ ಒಟ್ಟಾಗಿ ಹೋದಾಗ ಸಿಕ್ಕಿದೆ. ಸಂಘಕ್ಕೆ ಇನ್ನೂ ಹೆಸರಿಟ್ಟಿಲ್ಲ, ಕೆಲಸ ಶುರುವಾಗಿದೆ.

ಓದುಗರಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಮುಂದಿನ ಸಲ ಮದುವೆಗೋ ಗೃಹಪ್ರವೇಶಕ್ಕೋ ಕೈಕೆಲಸದ ಒಂದು ವಸ್ತುವನ್ನು ಮೊಬೈಲಿನಲ್ಲಿ ನೋಡಿ ಮೆಚ್ಚಿದಾಗ, ಅದನ್ನು ಮಾಡಿದವರು ಯಾರೆಂದು ಒಂದು ಕ್ಷಣ ಹುಡುಕಿ. ಅವರ ನಂಬರು ಸಿಕ್ಕರೆ ನೇರವಾಗಿ ಕೇಳಿ. ಬೆಲೆ ಹೆಚ್ಚೆನಿಸಿದರೆ ಎಷ್ಟು ದಿನದ ಕೆಲಸ ಎಂದು ವಿಚಾರಿಸಿ, ಆಮೇಲೆ ಚೌಕಾಸಿ ಮಾಡಿ. ಮಾಲು ಇಷ್ಟವಾದರೆ ಎರಡು ಸಾಲು ಮೆಚ್ಚುಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಗಲ್ಲಿಯಲ್ಲಿ ಓದಲು ಜನರಿದ್ದಾರೆ.